‘ಫ್ರೆಂಡ್ಸ್’ ಧಾರಾವಾಹಿಯಲ್ಲಿ ಗೆಳೆತನ ಮತ್ತು ಪ್ರೇಮ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1994ರ ಸೆಪ್ಟೆಂಬರ್ 22ರಿಂದ 2004ರ ಮೇ 6ರವರೆಗೆ ಪ್ರಸಾರವಾದ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’. ಹತ್ತು ಸೀಸನ್‌ಗಳಲ್ಲಿ ಬಂದ ಒಟ್ಟು ಸಂಚಿಕೆಗಳು 236. ಡೇವಿಡ್ ಕ್ರೇನ್ ಮತ್ತು ಮಾರ್ಟಾ ಕಾಫ್‌ಮನ್ ಇದನ್ನು ಸೃಷ್ಟಿಸಿದವರು; ಕೆವಿನ್ ಬ್ರೈಟ್ ಅವರೊಡನೆ ನಿರ್ಮಾಣದ ಹೊಣೆ ಹೊತ್ತವರು. ಕಥೆ ನಡೆಯುವುದು ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿರುವ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು. ಹತ್ತೂ ಸೀಸನ್‌ಗಳು ಆಯಾ ವರ್ಷದ ಅತಿ ಹೆಚ್ಚು ವೀಕ್ಷಣೆಯ ಮೊದಲ ಹತ್ತು ಕಾರ್ಯಕ್ರಮಗಳ ಪಟ್ಟಿಯಲ್ಲಿದ್ದವು. ಎಂಟನೆಯ ಸೀಸನ್ ಮೊದಲ ಸ್ಥಾನಕ್ಕೇರಿತು. ಕೊನೆಯ ಸಂಚಿಕೆಯನ್ನು ಅಮೆರಿಕವೊಂದರಲ್ಲೇ ಸುಮಾರು 5.25 ಕೋಟಿ ಜನ ನೋಡಿದರು.

ಮದುವೆ, ಮಕ್ಕಳು, ಸ್ವಂತ ಸಂಸಾರ ಎಂಬುದೆಲ್ಲ ಶುರುವಾಗುವ ಮುಂಚಿನ ವಯಸ್ಸಿನಲ್ಲಿ, ಊರು ಬಿಟ್ಟು ನಗರ ಸೇರಿದವರಿಗೆ ಗೆಳೆಯರೇ ಮನೆಮಂದಿ ಎಂಬುದು ಈ ಧಾರಾವಾಹಿಯ ಮೂಲ ಕಲ್ಪನೆ. ಇದನ್ನು ನೋಡಿದವರು ಹೆಚ್ಚಾಗಿ ನೆನಪಿಟ್ಟುಕೊಂಡಿರುವುದು ರಾಸ್–ರೇಚಲ್ ಪ್ರೇಮವನ್ನು. ಆದರೆ ಹತ್ತು ವರ್ಷದ ಕಥೆಯನ್ನು ಒಟ್ಟಾಗಿ ಇಟ್ಟುಕೊಂಡು ನೋಡಿದರೆ ಪ್ರೇಮ ಇಲ್ಲಿ ಬಂದು ಹೋಗುವ ನೆಂಟ, ಗೆಳೆತನ ಮನೆಯ ಯಜಮಾನ. ಯಾವುದೇ ಜೋಡಿ ಉಳಿಯಬೇಕೇ ಬೇಡವೇ ಎಂಬುದು ಕೊನೆಗೂ ತೀರ್ಮಾನವಾಗುವುದು ಆರು ಜನರ ಗುಂಪು ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದರ ಮೇಲೆ.

ಆರು ಜನ, ಎರಡು ಮನೆ, ಒಂದು ಕಾಫಿ ಅಂಗಡಿ

ಮೋನಿಕಾ ಗೆಲ್ಲರ್ (ಕೋರ್ಟ್ನಿ ಕಾಕ್ಸ್) ಮತ್ತು ರಾಸ್ ಗೆಲ್ಲರ್ (ಡೇವಿಡ್ ಶ್ವಿಮರ್) ಅಣ್ಣ–ತಂಗಿ. ರೇಚಲ್ ಗ್ರೀನ್ (ಜೆನಿಫರ್ ಆನಿಸ್ಟನ್) ಮೋನಿಕಾಳ ಶಾಲಾ ಗೆಳತಿ. ಚಾಂಡ್ಲರ್ ಬಿಂಗ್ (ಮ್ಯಾಥ್ಯೂ ಪೆರಿ) ಕಾಲೇಜಿನಲ್ಲಿ ರಾಸ್‌ನ ರೂಮ್‌ಮೇಟ್. ಜೋಯಿ ಟ್ರಿಬಿಯಾನಿ (ಮ್ಯಾಟ್ ಲೆಬ್ಲಾಂಕ್) ಚಾಂಡ್ಲರ್‌ನ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ಇರುವವನು. ಫೀಬಿ ಬುಫೇ (ಲೀಸಾ ಕುಡ್ರೋ) ಹಿಂದೊಮ್ಮೆ ಮೋನಿಕಾಳ ಜೊತೆ ವಾಸವಿದ್ದು ಬಿಟ್ಟು ಹೋದವಳು. ಅಂದರೆ ಆರು ಜನರಲ್ಲಿ ಯಾರೂ ಹೊಸದಾಗಿ ಗುಂಪಿಗೆ ಅರ್ಜಿ ಹಾಕಿ ಬಂದವರಲ್ಲ. ಒಬ್ಬರ ಹಿಂದೆ ಒಬ್ಬರು ಹಳೆಯ ಎಳೆ ಹಿಡಿದು ಬಂದವರು. ಮೊದಲ ಸಂಚಿಕೆಯಲ್ಲೇ ಮದುವೆಯ ಉಡುಪಿನಲ್ಲಿ ಚರ್ಚಿನಿಂದ ಓಡಿಬಂದ ರೇಚಲ್ ನೆನೆದುಕೊಂಡೇ ಕಾಫಿ ಅಂಗಡಿಗೆ ನುಗ್ಗುತ್ತಾಳೆ. ಆಗಲೂ ಅವಳು ಹುಡುಕಿಕೊಂಡು ಬಂದದ್ದು ಆ ನಗರದಲ್ಲಿ ತನಗೆ ಗೊತ್ತಿದ್ದ ಮೋನಿಕಾಳನ್ನೇ.

ಹಜಾರದ ಎರಡು ಬದಿಗೆ ಎದುರುಬದುರು ಇರುವ ಎರಡು ಮನೆಗಳು ಮತ್ತು ‘ಸೆಂಟ್ರಲ್ ಪರ್ಕ್’ ಎಂಬ ಕಾಫಿ ಅಂಗಡಿಯ ಸೋಫಾ, ಕಥೆಯ ಬಹುಪಾಲು ನಡೆಯುವುದು ಇಷ್ಟರೊಳಗೆ. ಬಾಗಿಲು ತಟ್ಟದೆ ಒಳಗೆ ಬರುವುದು, ಇನ್ನೊಬ್ಬರ ಫ್ರಿಜ್ ತೆಗೆದು ತಿನ್ನುವುದು, ಕರೆಯದೆ ಊಟಕ್ಕೆ ಕೂರುವುದು ಇಲ್ಲಿ ನಿತ್ಯದ ನಡವಳಿಕೆ. ಅಮೆರಿಕದ ಮಹಾನಗರದ ನಿಜ ಬದುಕಿನಲ್ಲಿ ಇಷ್ಟೊಂದು ಸಲಿಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಧಾರಾವಾಹಿಯ ಆಕರ್ಷಣೆಯ ದೊಡ್ಡ ಪಾಲು ಇರುವುದು ಅಲ್ಲೇ. ಮೋನಿಕಾಳ ಸಂಬಳಕ್ಕೆ ಅಷ್ಟು ದೊಡ್ಡ ಮನೆ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ, ಅದು ಅಜ್ಜಿಯ ಹೆಸರಿನಲ್ಲಿ ಹಳೆಯ ನಿಯಂತ್ರಿತ ಬಾಡಿಗೆಗೆ ಉಳಿದುಕೊಂಡ ಮನೆ ಎಂದು ಬರಹಗಾರರು ಉತ್ತರ ಕೊಟ್ಟು ಕೈತೊಳೆದುಕೊಂಡರು.

ಮೂವರು ಗಂಡು, ಮೂವರು ಹೆಣ್ಣು. ಅಣ್ಣ–ತಂಗಿಯನ್ನು ಬಿಟ್ಟರೆ ಒಟ್ಟು 8 ಜೋಡಿಗಳು ಸಾಧ್ಯ. ಹತ್ತು ವರ್ಷದಲ್ಲಿ ಈ ಎಂಟನ್ನೂ ಬರಹಗಾರರು ಒಂದಲ್ಲ ಒಂದು ಬಗೆಯಲ್ಲಿ ಮುಟ್ಟಿ ನೋಡಿದ್ದಾರೆ. ಎರಡು ಜೋಡಿ ಕೊನೆಯವರೆಗೆ ನಿಂತವು. ಜೋಯಿ–ರೇಚಲ್ ಸ್ವಲ್ಪ ದೂರ ಹೋಗಿ ನಿಂತಿತು. ಫೀಬಿ–ರಾಸ್ ಮತ್ತು ಮೋನಿಕಾ–ಜೋಯಿ ಜೋಡಿಗಳನ್ನು ಮೂರನೆಯ ಸೀಸನ್ನಿನ ಹಿಂದಿನ ಕಥೆ ಹೇಳುವ ಸಂಚಿಕೆಯಲ್ಲಿ ಚಿಟಿಕೆಯಷ್ಟು ತೋರಿಸಿದರು. ಕಾಲೇಜು ದಿನಗಳಲ್ಲಿ ಚಾಂಡ್ಲರ್ ರೇಚಲ್‌ಗೆ ಮುತ್ತಿಟ್ಟಿದ್ದ ಸಂಗತಿ ಹತ್ತನೆಯ ಸೀಸನ್ನಿನಲ್ಲಿ ಹೊರಬಂತು. ಜೋಯಿ–ಫೀಬಿಯದು ಹತ್ತೂ ವರ್ಷ ಚೇಷ್ಟೆಯ ಮಾತಿನಲ್ಲೇ ಉಳಿಯಿತು. ಚಾಂಡ್ಲರ್–ಫೀಬಿಯದು ಶುದ್ಧ ನಾಟಕ. ಅದರ ಪ್ರಸ್ತಾಪ ಮುಂದೆ ಬರುತ್ತದೆ. ಯಾರು ಯಾರನ್ನು ಬೇಕಾದರೂ ಪ್ರೀತಿಸಬಹುದು ಎಂಬ ಸಣ್ಣ ಕಂಪನ ಗೆಳೆತನದ ಅಡಿಯಲ್ಲಿ ಸದಾ ಇರುವಂತೆ ನೋಡಿಕೊಂಡದ್ದು ಬರಹಗಾರರ ಜಾಣತನ.

ಸ್ವಾರಸ್ಯವೆಂದರೆ ವಾಹಿನಿಯ ಮುಂದೆ ಮೊದಲು ಕಥೆ ಒಪ್ಪಿಸುವಾಗ ಮುಖ್ಯ ಪ್ರೇಮಿಗಳೆಂದು ಯೋಚಿಸಿದ್ದು ಜೋಯಿ ಮತ್ತು ಮೋನಿಕಾರನ್ನು. ಮೊದಲ ಸಂಚಿಕೆಯನ್ನು ಬರೆಯುತ್ತಿರುವಾಗ ರಾಸ್–ರೇಚಲ್ ಎಂಬ ಯೋಚನೆ ಹುಟ್ಟಿತು. ರೇಚಲ್ ಪಾತ್ರಕ್ಕೆ ಮೊದಲು ಕೇಳಿದ್ದು ಕೋರ್ಟ್ನಿ ಕಾಕ್ಸ್ ಅವರನ್ನು. ಅವರು ಮೋನಿಕಾಳನ್ನೇ ಆರಿಸಿಕೊಂಡರು. ಚಾಂಡ್ಲರ್ ಮತ್ತು ಫೀಬಿ ಆರಂಭದ ಲೆಕ್ಕದಲ್ಲಿ ಪಕ್ಕದ ಪಾತ್ರಗಳಷ್ಟೇ.

ಹಿಂದಿನವರು ಬಿಟ್ಟುಹೋದ ಪಾಠ

ಮಾತಿನ ಜಗಳದಲ್ಲೇ ಒಲವು ಬೆಳೆಸಿ, ಜೋಡಿ ಆಗುತ್ತಾರೋ ಇಲ್ಲವೋ ಎಂದು ವರ್ಷಗಟ್ಟಲೆ ಕಾಯಿಸುವ ತಂತ್ರವನ್ನು ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ನೆಲೆಗೊಳಿಸಿದ್ದು ಇದೇ ವಾಹಿನಿಯ ‘ಚಿಯರ್ಸ್’ (1982–1993). ಬಾಸ್ಟನ್ನಿನ ಒಂದು ಬಾರ್‌ನಲ್ಲಿ ನಡೆಯುವ ಆ ಕಥೆಯ ಸ್ಯಾಮ್ ಮತ್ತು ಡಯೇನ್ ಐದು ಸೀಸನ್ ಕಾಲ ಸೇರಿದರು, ಬೇರೆಯಾದರು. 1987ರಲ್ಲಿ ಡಯೇನ್ ಪಾತ್ರದ ಶೆಲ್ಲಿ ಲಾಂಗ್ ಹೊರನಡೆದ ಮೇಲೂ ಧಾರಾವಾಹಿ ಆರು ವರ್ಷ ಓಡಿತು, ಏಕೆಂದರೆ ಬಾರ್‌ನ ಗೆಳೆಯರ ಬಳಗ ಅಷ್ಟು ಗಟ್ಟಿಯಾಗಿತ್ತು. ಇನ್ನೊಂದು ಕಡೆ ಎಬಿಸಿ ವಾಹಿನಿಯ ‘ಮೂನ್‌ಲೈಟಿಂಗ್’ (1985–1989) ನಾಯಕ ನಾಯಕಿಯನ್ನು ಒಂದಾಗಿಸಿದ ಮೇಲೆ ಸೊರಗಿತು. ಅದಕ್ಕೆ 1988ರ ಬರಹಗಾರರ ಮುಷ್ಕರ, ನಾಯಕಿಯ ಬಸಿರು, ಬ್ರೂಸ್ ವಿಲ್ಲಿಸ್ ಸಿನಿಮಾದತ್ತ ಹೊರಳಿದ್ದು ಎಲ್ಲವೂ ಕಾರಣ. ಆದರೂ ಜೋಡಿ ಸೇರಿದರೆ ಕಥೆ ಸತ್ತಂತೆ ಎಂಬ ಭಯ ಮಾತ್ರ ಉದ್ಯಮದಲ್ಲಿ ಉಳಿದುಕೊಂಡಿತು.

‘ಫ್ರೆಂಡ್ಸ್’ನ ಮೊದಲ ಸಂಚಿಕೆಯನ್ನು ನಿರ್ದೇಶಿಸಿದ ಜೇಮ್ಸ್ ಬರೋಸ್, ‘ಚಿಯರ್ಸ್’ ಕಟ್ಟಿದವರಲ್ಲಿ ಒಬ್ಬರು. ಧಾರಾವಾಹಿ ಶುರುವಾಗುವ ಮುನ್ನ ಅವರು ಆರೂ ನಟರನ್ನು ಲಾಸ್ ವೇಗಸ್‌ಗೆ ಕರೆದೊಯ್ದು, ಜನ ಗುರುತು ಹಿಡಿಯದೆ ನೀವು ಹೀಗೆ ಓಡಾಡುವುದು ಇದೇ ಕೊನೆ ಎಂದು ಹೇಳಿದ್ದನ್ನು ನಟರು ಅನೇಕ ಸಲ ನೆನೆದಿದ್ದಾರೆ. ಅದೇ ಕಾಲದ ‘ಸೈನ್‌ಫೆಲ್ಡ್’ (1989–1998) ತದ್ವಿರುದ್ಧ ದಾರಿ ಹಿಡಿದಿತ್ತು: ಅಲ್ಲಿ ಅಪ್ಪುಗೆಯೂ ಇಲ್ಲ, ಯಾರೂ ಏನನ್ನೂ ಕಲಿಯುವುದೂ ಇಲ್ಲ. ‘ಫ್ರೆಂಡ್ಸ್’ನಲ್ಲಿ ಎರಡೂ ಧಾರಾಳ, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು.

ರಾಸ್ ಮತ್ತು ರೇಚಲ್

ರಾಸ್ ಪಳೆಯುಳಿಕೆ ಶಾಸ್ತ್ರಜ್ಞ. ಶಾಲಾ ದಿನಗಳಿಂದ ತಂಗಿಯ ಗೆಳತಿಯ ಮೇಲೆ ಒಳಗೊಳಗೇ ಆಸೆ ಇಟ್ಟುಕೊಂಡವನು. ಕಥೆ ಶುರುವಾಗುವಾಗ ಅವನ ಹೆಂಡತಿ ಕ್ಯಾರಲ್, ಸೂಸನ್ ಎಂಬ ಹೆಣ್ಣನ್ನು ಪ್ರೀತಿಸಿ ಅವನನ್ನು ಬಿಟ್ಟಿದ್ದಾಳೆ. ಮೊದಲ ಸೀಸನ್ ಇಡೀ ಅವನು ಹೇಳಲಾರದೆ ಒದ್ದಾಡುತ್ತಾನೆ. ಕೊನೆಗೆ ವಿಷಯ ಬಾಯಿಬಿಡುವವನು ಚಾಂಡ್ಲರ್, ಅದೂ ಬಾಯಿತಪ್ಪಿ. ರೇಚಲ್ ವಿಮಾನ ನಿಲ್ದಾಣಕ್ಕೆ ಓಡಿದರೆ, ಚೀನಾದಿಂದ ಇಳಿದ ರಾಸ್‌ನ ಪಕ್ಕದಲ್ಲಿ ಜೂಲಿ ಎಂಬ ಹೊಸ ಗೆಳತಿ. 1995ರ ನವೆಂಬರ್‌ನಲ್ಲಿ ಮೊದಲ ಮುತ್ತು. ಕೂಡಲೇ ಮತ್ತೊಂದು ವಿಘ್ನ: ರಾಸ್ ಇಬ್ಬರು ಹುಡುಗಿಯರ ಗುಣದೋಷಗಳ ಪಟ್ಟಿ ಮಾಡಿಟ್ಟದ್ದು ರೇಚಲ್ ಕಣ್ಣಿಗೆ ಬೀಳುತ್ತದೆ. 1996ರ ಫೆಬ್ರವರಿ 1ರ ಸಂಚಿಕೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಸಿಕ್ಕಿ, ಶಾಲೆಯ ವಿದಾಯ ನೃತ್ಯದ ದಿನ ಜೊತೆಗಾರ ಬರದೆ ಅಳುತ್ತಿದ್ದ ರೇಚಲ್‌ಗಾಗಿ ರಾಸ್ ಸೂಟು ಧರಿಸಿ, ಹೂವು ಹಿಡಿದು ಮೆಟ್ಟಿಲಲ್ಲಿ ನಿಂತಿದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಅವನು ಇಳಿದು ಬರುವಷ್ಟರಲ್ಲಿ ನಿಜವಾದ ಜೊತೆಗಾರ ಬಂದು ಅವಳನ್ನು ಕರೆದೊಯ್ದಿದ್ದ. ಇಡೀ ಧಾರಾವಾಹಿಯಲ್ಲಿ ಈ ಜೋಡಿಯ ಬಗ್ಗೆ ಪ್ರೇಕ್ಷಕರ ಮನಸ್ಸನ್ನು ಗೆದ್ದ ದೃಶ್ಯ ಇದೊಂದೇ ಎಂದರೂ ತಪ್ಪಿಲ್ಲ. ಇದಾದ ಮೇಲಿನ ಎಂಟು ವರ್ಷ ಈ ದೃಶ್ಯ ಗಳಿಸಿಕೊಟ್ಟ ಪುಣ್ಯದ ಮೇಲೆಯೇ ನಡೆಯಿತು.

ಗಮನಿಸಬೇಕಾದದ್ದು, ಈ ಗುಟ್ಟನ್ನು ಅವರಿಬ್ಬರು ಏಕಾಂತದಲ್ಲಿ ಹಂಚಿಕೊಳ್ಳಲಿಲ್ಲ. ಆರೂ ಜನ ಒಟ್ಟಿಗೆ ಕೂತು ಟಿ.ವಿ. ನೋಡುತ್ತಿರುವಾಗ ಅದು ಹೊರಬಿದ್ದು, ಉಳಿದ ನಾಲ್ವರ ಎದುರಿಗೇ ರೇಚಲ್ ಎದ್ದು ಹೋಗಿ ಅವನಿಗೆ ಮುತ್ತಿಡುತ್ತಾಳೆ. ಈ ಜೋಡಿಯ ಸುಖಕ್ಕೆ ಸಾಕ್ಷಿ ಬೇಕು, ದುಃಖಕ್ಕೂ ಬೇಕು. ಮರುವರ್ಷ ಅದೇ ತಿಂಗಳಲ್ಲಿ ಇವರ ಪ್ರೇಮ ಮುರಿದುಬೀಳುವಾಗ ಉಳಿದ ನಾಲ್ವರು ಪಕ್ಕದ ಮಲಗುವ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು, ಹೊರಬರಲಾರದೆ, ಜಗಳದ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ನಗುವಿಗೆಂದು ಇಟ್ಟ ಈ ಏರ್ಪಾಟು ಆ ರಾತ್ರಿಯ ಕೊನೆಗೆ ನಗು ನಿಂತುಹೋಗುವಂತೆ ಮಾಡುತ್ತದೆ. ಒಡೆದದ್ದು ಒಂದು ಜೋಡಿ, ಪೆಟ್ಟು ಬಿದ್ದದ್ದು ಆರು ಜನಕ್ಕೆ ಎಂಬುದು ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ.

ಆ ಒಡಕಿನ ಕಾರಣ ಇಂದಿಗೂ ವಾದದ ವಸ್ತು. ರೇಚಲ್‌ಗೆ ಫ್ಯಾಷನ್ ಕ್ಷೇತ್ರದಲ್ಲಿ ಕೆಲಸ ಸಿಕ್ಕಿದೆ. ಅವಳ ಸಹೋದ್ಯೋಗಿ ಮಾರ್ಕ್ ಮೇಲೆ ರಾಸ್‌ಗೆ ಸಂಶಯ. ಸ್ವಲ್ಪ ಕಾಲ ದೂರವಿರೋಣ ಎಂದು ರೇಚಲ್ ಹೇಳಿದ ರಾತ್ರಿಯೇ ಅವನು ಕ್ಲೋಯಿ ಎಂಬ ಹುಡುಗಿಯ ಜೊತೆ ಮಲಗುತ್ತಾನೆ. ಆಗ ತಾವಿಬ್ಬರೂ ಬಿಡುವಿನಲ್ಲಿದ್ದೆವು ಎಂಬುದು ಅವನ ಸಮರ್ಥನೆ. ಅದನ್ನವನು ಧಾರಾವಾಹಿ ಮುಗಿಯುವವರೆಗೂ ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ರಾಸ್‌ನ ಪರ ನಿಂತವರು ಕಡಿಮೆಯೇನಿರಲಿಲ್ಲ. ಇಂದಿನ ಕಣ್ಣಿಗೆ ಕಾಣುವುದು ಬೇರೆ: ಹೆಂಡತಿ ಬಿಟ್ಟುಹೋದ ಗಾಯ ಮಾಗದ ಗಂಡಸೊಬ್ಬ ಪ್ರೇಯಸಿಯ ಉದ್ಯೋಗವನ್ನೇ ಸವತಿಯಂತೆ ನೋಡಿದ. ಕ್ಲೋಯಿ ಪ್ರಕರಣ ನಡೆಯದಿದ್ದರೂ ಈ ಸಂಬಂಧ ಅದೇ ವರ್ಷ ಮುರಿಯುತ್ತಿತ್ತು ಎಂದೇ ತೋರುತ್ತದೆ.

ಮುಂದಿನದನ್ನು ಬೇಗ ಹೇಳಬಹುದು. ನಾಲ್ಕನೆಯ ಸೀಸನ್ನಿನ ಕೊನೆಗೆ ಲಂಡನ್ನಿನಲ್ಲಿ ಎಮಿಲಿಯನ್ನು ಮದುವೆಯಾಗುವಾಗ ರಾಸ್ ಪ್ರತಿಜ್ಞೆಯಲ್ಲಿ ರೇಚಲ್ ಹೆಸರು ಹೇಳಿಬಿಡುತ್ತಾನೆ. ಮರುವರ್ಷ ಲಾಸ್ ವೇಗಸ್‌ನಲ್ಲಿ ಕುಡಿದ ಅಮಲಿನಲ್ಲಿ ಇಬ್ಬರೂ ಮದುವೆಯಾಗುತ್ತಾರೆ. ಅದು ರಾಸ್‌ನ ಮೂರನೆಯ ವಿಚ್ಛೇದನವಾಗಿ ಮುಗಿಯುತ್ತದೆ. 2002ರ ಮೇ ತಿಂಗಳಲ್ಲಿ ಮಗಳು ಎಮ್ಮಾ ಹುಟ್ಟುತ್ತಾಳೆ. ಕೊನೆಯ ಸಂಚಿಕೆಯಲ್ಲಿ ಪ್ಯಾರಿಸ್‌ನ ಕೆಲಸಕ್ಕೆ ಹೊರಟ ರೇಚಲ್ ವಿಮಾನದಿಂದ ಇಳಿದು ಬರುತ್ತಾಳೆ. ಇವರನ್ನು ಸೇರಿಸಬೇಕೇ, ಅರ್ಧಕ್ಕೇ ಬಿಡಬೇಕೇ ಎಂದು ಸೃಷ್ಟಿಕರ್ತರು ಚರ್ಚಿಸಿ, ಹತ್ತು ವರ್ಷ ಕಾದ ಪ್ರೇಕ್ಷಕರಿಗೆ ಬೇಕಾದದ್ದನ್ನೇ ಕೊಡಲು ನಿಶ್ಚಯಿಸಿದರು. ಕೆಲಸ ಬಿಟ್ಟು ಬಂದವಳು ರೇಚಲ್ ಮಾತ್ರ ಎಂಬ ಆಕ್ಷೇಪ ನ್ಯಾಯವಾದದ್ದೇ: ಒಂದು ಕಾಲದಲ್ಲಿ ಅವಳ ಉದ್ಯೋಗವೇ ಇವರ ಜಗಳದ ಮೂಲವಾಗಿತ್ತು, ಕೊನೆಗೆ ಅದೇ ಬಲಿಯಾಯಿತು.

ಮೋನಿಕಾ ಮತ್ತು ಚಾಂಡ್ಲರ್

ಯೋಜಿಸಿ ಬರೆದ ಪ್ರೇಮಕ್ಕಿಂತ ಆಕಸ್ಮಿಕವಾಗಿ ಹುಟ್ಟಿದ ಪ್ರೇಮ ಹೆಚ್ಚು ಗಟ್ಟಿಯಾದ ಉದಾಹರಣೆ ಇದು. 1998ರ ಮೇ 7ರಂದು ಪ್ರಸಾರವಾದ ಲಂಡನ್ ಸಂಚಿಕೆಯ ಒಳಾಂಗಣ ಭಾಗಗಳನ್ನು ವೆಂಬ್ಲಿಯ ಫೌಂಟನ್ ಸ್ಟುಡಿಯೋದಲ್ಲಿ ಬ್ರಿಟಿಷ್ ಪ್ರೇಕ್ಷಕರ ಮುಂದೆ ಚಿತ್ರಿಸಲಾಯಿತು. ಅಣ್ಣನ ಮದುವೆಯ ಮುನ್ನಾದಿನ ಅತಿಥಿಯೊಬ್ಬ ತನ್ನನ್ನು ರಾಸ್‌ನ ತಾಯಿ ಎಂದುಕೊಂಡನೆಂದು ಮೋನಿಕಾ ಕುಗ್ಗಿಹೋಗಿರುತ್ತಾಳೆ. ಮರುದಿನ ಬೆಳಿಗ್ಗೆ ಚಾಂಡ್ಲರ್‌ನ ಹೊದಿಕೆಯೊಳಗಿಂದ ಅವಳು ತಲೆ ಎತ್ತಿದ ಕ್ಷಣ ಸ್ಟುಡಿಯೋದಲ್ಲಿ ಎದ್ದ ಕೇಕೆ, ಚಪ್ಪಾಳೆ ನಿಲ್ಲಲೇ ಇಲ್ಲ. ನಟರು ಮುಂದಿನ ಮಾತಿಗೆ ಕಾದು ನಿಲ್ಲಬೇಕಾಯಿತು. ಒಂದು ರಾತ್ರಿಯ ತಮಾಷೆಯಾಗಿ ಮುಗಿಯಬೇಕಿದ್ದ ಪ್ರಸಂಗವನ್ನು ಬರಹಗಾರರು ಮುಂದುವರಿಸಿದ್ದು ಆ ಚಪ್ಪಾಳೆ ಕೇಳಿದ ಮೇಲೆ. ಅಂದು ರಾತ್ರಿ ಮೋನಿಕಾ ಆ ಕೋಣೆಗೆ ಹೋದದ್ದು ಜೋಯಿಯನ್ನು ಹುಡುಕಿಕೊಂಡು ಎಂದು ಏಳನೆಯ ಸೀಸನ್ನಿನಲ್ಲಿ ಬಹಿರಂಗವಾಗುತ್ತದೆ. ಧಾರಾವಾಹಿಯ ಹಳೆಯ ಯೋಜನೆಯ ನೆರಳು ಅಲ್ಲಿ ಒಂದು ಹಾಸ್ಯವಾಗಿ ಇಣುಕಿ ಹೋಗುತ್ತದೆ.

ಐದನೆಯ ಸೀಸನ್ನಿನ ಅರ್ಧದಷ್ಟು ಕಾಲ ಈ ಸಂಬಂಧ ಗುಟ್ಟಾಗಿರುತ್ತದೆ. ಮೊದಲು ಗೊತ್ತಾಗುವುದು ಜೋಯಿಗೆ. ಗುಟ್ಟು ಇಟ್ಟುಕೊಳ್ಳಲು ಬಾರದವನ ಹೊಟ್ಟೆಯಲ್ಲಿ ಗುಟ್ಟು ಇಟ್ಟು ನೋಡುವುದೇ ಅಲ್ಲಿನ ನಗು. ಆಮೇಲೆ ಟೆಲಿಫೋನಿನಲ್ಲಿ ಮಾತು ಕಿವಿಗೆ ಬಿದ್ದು ರೇಚಲ್‌ಗೆ, ಕಿಟಕಿಯಿಂದ ಕಂಡು ಫೀಬಿಗೆ. 1999ರ ಫೆಬ್ರವರಿ 11ರ ಸಂಚಿಕೆಯಲ್ಲಿ ಈ ಜೋಡಿಯಿಂದ ಬಾಯಿಬಿಡಿಸಲು ಫೀಬಿ ಚಾಂಡ್ಲರ್‌ನನ್ನು ಮೋಹಿಸುವಂತೆ ನಟಿಸುತ್ತಾಳೆ, ಗೆಳತಿಯರಿಗೆ ಗೊತ್ತಾಗಿದೆ ಎಂದು ಈ ಜೋಡಿಗೆ ಗೊತ್ತಾಗಿ ಚಾಂಡ್ಲರ್ ಕೂಡ ನಟಿಸುತ್ತಾನೆ. ಪಂಥ ಎಷ್ಟು ದೂರ ಹೋಗುತ್ತದೆಂದರೆ ಕೊನೆಗೆ ಸೋತ ಚಾಂಡ್ಲರ್ ತಾನು ಮೋನಿಕಾಳನ್ನು ಪ್ರೀತಿಸುತ್ತಿದ್ದೇನೆ ಎಂದುಬಿಡುತ್ತಾನೆ. ಅವನು ಅದನ್ನು ನೇರವಾಗಿ ಒಪ್ಪಿಕೊಳ್ಳುವುದು ಅದೇ ಮೊದಲು. ಪ್ರಹಸನದ ಉತ್ತುಂಗದಲ್ಲಿ ಪ್ರೇಮನಿವೇದನೆಯನ್ನು ಇಟ್ಟ ಈ ಸಂಚಿಕೆ, ರಚನೆಯ ದೃಷ್ಟಿಯಿಂದ ಇಡೀ ಧಾರಾವಾಹಿಯಲ್ಲೇ ಉತ್ತಮವಾದದ್ದು.

ರಾಸ್–ರೇಚಲ್ ಜೋಡಿಯಲ್ಲಿ ಇಲ್ಲದ್ದೊಂದು ಇಲ್ಲಿದೆ: ಇವರು ಪ್ರೇಮಿಗಳಾಗುವ ಮೊದಲು ನಾಲ್ಕು ಸೀಸನ್ ಕಾಲ ಬರೀ ಗೆಳೆಯರು. ಅವಳ ಶಿಸ್ತಿನ ಹುಚ್ಚು, ಅವನ ಬಾಂಧವ್ಯದ ಭಯ, ಬಾಲ್ಯದಲ್ಲಿ ಕಂಡ ತಂದೆತಾಯಿಯ ವಿಚ್ಛೇದನ ಎಲ್ಲವೂ ಪರಸ್ಪರ ಗೊತ್ತು. ತಂದೆಯ ಗೆಳೆಯನಾದ ಕಣ್ಣಿನ ಡಾಕ್ಟರ್ ರಿಚರ್ಡ್ ಜೊತೆ ಮೋನಿಕಾಳ ಗಾಢ ಪ್ರೇಮ ಮಕ್ಕಳು ಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಮುರಿದಿತ್ತು. ಚಾಂಡ್ಲರ್ ಜೊತೆಗೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾದಾಗ ಅವಳು ಅವನನ್ನು ಬಿಡುವುದಿಲ್ಲ, ದತ್ತು ಪಡೆಯುತ್ತಾರೆ. ಹಾಸ್ಯ ಧಾರಾವಾಹಿಯಲ್ಲಿ ಬಂಜೆತನದ ನೋವನ್ನು ಇಷ್ಟು ನೇರವಾಗಿ, ಅಳುಬುರುಕತನವಿಲ್ಲದೆ ತೋರಿಸಿದ್ದು ಆಗಿನ ಕಾಲಕ್ಕೆ ಅಪರೂಪ. ಕೊನೆಯ ಸಂಚಿಕೆಯಲ್ಲಿ ಜಾಕ್ ಮತ್ತು ಎರಿಕಾ ಎಂಬ ಅವಳಿಗಳು ಬರುತ್ತವೆ. ಜೋಡಿ ಸೇರಿದರೆ ಕಥೆ ಸಾಯುತ್ತದೆ ಎಂಬ ‘ಮೂನ್‌ಲೈಟಿಂಗ್’ ಕಾಲದ ಭಯವನ್ನು ಸುಳ್ಳು ಮಾಡಿದವರು ಇವರು.

ಮಿತಿ ಕಂಡ ಪ್ರೇಮ: ಜೋಯಿ ಮತ್ತು ರೇಚಲ್

ಎಂಟನೆಯ ಸೀಸನ್ನಿನಲ್ಲಿ ಬಸುರಿ ರೇಚಲ್ ಜೊತೆ ಒಂದೇ ಮನೆಯಲ್ಲಿದ್ದ ಜೋಯಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಹೆಣ್ಣುಗಳ ಹೆಸರೂ ನೆನಪಿಡದವನು ಮೊದಲ ಸಲ ಮಾತು ತಡವರಿಸುತ್ತಾನೆ. ಈ ಎಳೆಗೆ ಮೊದಲು ವಿರೋಧ ವ್ಯಕ್ತಪಡಿಸಿದ್ದು ಸ್ವತಃ ಮ್ಯಾಟ್ ಲೆಬ್ಲಾಂಕ್: ಗೆಳೆಯನ ಹುಡುಗಿಯತ್ತ ಜೋಯಿ ಹೋಗುವವನಲ್ಲ ಎಂಬುದು ಅವರ ನಿಲುವು. ಆದರೂ ಅವರು ಅಭಿನಯಿಸಿದ ರೀತಿ ಪಾತ್ರಕ್ಕೆ ಹೊಸ ಆಳ ಕೊಟ್ಟಿತು. ಹತ್ತನೆಯ ಸೀಸನ್ನಿನ ಮೊದಲಲ್ಲಿ ಇಬ್ಬರೂ ನಿಜಕ್ಕೂ ಹತ್ತಿರವಾಗಲು ಹೋದಾಗ ಕೈ ತಾನಾಗಿ ಹಿಂದೆ ಸರಿಯುತ್ತದೆ, ನಗು ಬರುತ್ತದೆ. ಗೆಳೆಯರಾಗಿಯೇ ಇರೋಣವೆಂದು ತೀರ್ಮಾನಿಸುತ್ತಾರೆ. ಕಥೆಗೆ ಬೇಕಿಲ್ಲದ ಸುತ್ತು ಎಂದು ಅನೇಕರು ಇದನ್ನು ತಳ್ಳಿಹಾಕಿದ್ದಾರೆ. ಗೆಳೆತನವೆಲ್ಲ ಬಲಿತು ಪ್ರೇಮವಾಗಲೇಬೇಕೆಂದಿಲ್ಲ ಎಂದು ಧಾರಾವಾಹಿ ಬಾಯಿಬಿಟ್ಟು ಹೇಳಿದ ಜಾಗವೂ ಇದೊಂದೇ.

ಗೆಳೆತನದ ಬಗೆಗಳು

ಚಾಂಡ್ಲರ್ ಮತ್ತು ಜೋಯಿಯ ಜೋಡಿ ಧಾರಾವಾಹಿಯ ನಿಜವಾದ ಮೊದಲ ದಾಂಪತ್ಯ. ಎರಡು ಒರಗು ಕುರ್ಚಿ, ಊಟದ ಮೇಜಿನ ಜಾಗದಲ್ಲಿ ಫುಸ್‌ಬಾಲ್ ಮೇಜು, ಸಾಕಿದ ಒಂದು ಕೋಳಿಮರಿ, ಒಂದು ಬಾತುಕೋಳಿ. ಎರಡನೆಯ ಸೀಸನ್ನಿನಲ್ಲಿ ಜೋಯಿ ಬೇರೆ ಮನೆ ಮಾಡಿ ಹೋದಾಗ ಇಬ್ಬರೂ ವಿರಹಿಗಳಂತೆ ನಡೆದುಕೊಳ್ಳುತ್ತಾರೆ. ಜೋಯಿಯ ಗೆಳತಿ ಕ್ಯಾಥಿಗೆ ಮುತ್ತಿಟ್ಟ ತಪ್ಪಿಗೆ ಚಾಂಡ್ಲರ್ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನವನ್ನು ಮರದ ಪೆಟ್ಟಿಗೆಯೊಳಗೆ ಮಲಗಿ ಕಳೆಯುತ್ತಾನೆ. ಕ್ಯಾಥಿ ಬಿಟ್ಟು ಹೊರಟಾಗ ಪೆಟ್ಟಿಗೆಯಿಂದ ಅವನನ್ನು ಎಬ್ಬಿಸಿ ಅವಳ ಹಿಂದೆ ಓಡಿಸುವವನು ಜೋಯಿಯೇ. ಗಂಡಸರಿಬ್ಬರ ಮಮತೆಯನ್ನು ಇಷ್ಟು ಬಿಚ್ಚಿ ತೋರಿಸಿದ ಧಾರಾವಾಹಿ, ಬೆನ್ನಿಗೇ ‘ನಾವು ಅಂಥವರಲ್ಲ’ ಎಂಬ ಅಂಜಿಕೆಯ ನಗೆಯನ್ನೂ ಸೇರಿಸುತ್ತಿತ್ತು. ಅಪ್ಪಿಕೊಂಡರೆ ತಮಾಷೆ, ಸೋಫಾದ ಮೇಲೆ ರಾಸ್ ಮತ್ತು ಜೋಯಿ ಒಟ್ಟಿಗೆ ನಿದ್ದೆ ಹೋದರೆ ಅದೊಂದು ಹಗರಣ.

ಹೆಂಗಸರ ಗೆಳೆತನಕ್ಕೆ ಅಂಥ ಅಂಜಿಕೆ ಇಲ್ಲ. ನಾಲ್ಕನೆಯ ಸೀಸನ್ನಿನಲ್ಲಿ ಮೂವರೂ ಮದುವೆಯ ಗೌನು ತೊಟ್ಟು, ಮದುವೆಯೇ ಇಲ್ಲದೆ, ಬಿಯರ್ ಹಿಡಿದು ಸೋಫಾದ ಮೇಲೆ ಕೂರುವ ದೃಶ್ಯ ಪ್ರಸಿದ್ಧ. ಚಾಂಡ್ಲರ್ ಒಳಬರಲೆಂದು ರೇಚಲ್ ಮೋನಿಕಾಳೊಡನೆ ಹಂಚಿಕೊಂಡಿದ್ದ ಮನೆ ಬಿಡಬೇಕಾದಾಗ, ಆರನೆಯ ಸೀಸನ್ನಿನಲ್ಲಿ, ಅವಳೂ ಮೋನಿಕಾಳೂ ಕ್ಷುಲ್ಲಕ ಕಾರಣಗಳಿಗೆ ಜಗಳ ತೆಗೆಯುತ್ತಾರೆ. ಒಬ್ಬಳ ಪ್ರೇಮ ಗಟ್ಟಿಯಾದದ್ದರ ಬೆಲೆಯನ್ನು ಇನ್ನೊಬ್ಬಳು ತೆರಬೇಕು ಎಂಬುದನ್ನು ಧಾರಾವಾಹಿ ಮರೆಮಾಚುವುದಿಲ್ಲ.

ಫೀಬಿಯ ಸ್ಥಾನ ಬೇರೆ. ತಾಯಿ ಆತ್ಮಹತ್ಯೆ ಮಾಡಿಕೊಂಡಳು, ತಂದೆ ಬಿಟ್ಟುಹೋದ, ಹದಿವಯಸ್ಸಿನಲ್ಲೇ ಬೀದಿ ಪಾಲಾದಳು. ಉಳಿದವರಿಗೆ ಗೆಳೆಯರು ಮನೆಯವರ ಜೊತೆಗೆ ಇರುವವರು, ಅವಳಿಗೆ ಗೆಳೆಯರಷ್ಟೇ ಇರುವುದು. ಕುಡ್ರೋ ನಿಜಜೀವನದಲ್ಲಿ ಬಸುರಿಯಾದಾಗ ಫೀಬಿ ತನ್ನ ತಮ್ಮನ ತ್ರಿವಳಿಗಳಿಗೆ ಬಾಡಿಗೆ ತಾಯಿಯಾಗುವಂತೆ ಕಥೆ ಹೆಣೆದರು. ಸಸ್ಯಾಹಾರಿಯಾದ ಅವಳಿಗೆ ಆಗ ಮಾಂಸದ ಬಯಕೆ ಹುಟ್ಟುತ್ತದೆ. ಅವಳ ಪಾಲಿನ ಪ್ರಾಣಿಹಿಂಸೆಯ ಲೆಕ್ಕ ಸರಿಯಾಗಲೆಂದು, ಹೆರಿಗೆಯಾಗುವವರೆಗೆ ತಾನು ಮಾಂಸ ಮುಟ್ಟುವುದಿಲ್ಲ ಎನ್ನುತ್ತಾನೆ ಜೋಯಿ. ತಿಂಡಿಪೋತನೆಂದೇ ಹೆಸರಾದವನ ಈ ವ್ರತದ ಮುಂದೆ ಧಾರಾವಾಹಿಯ ಅನೇಕ ಪ್ರೇಮನಿವೇದನೆಗಳು ಸಪ್ಪೆ. ಕೊನೆಗೆ ಅವಳಿಗೆ ಗಂಡನಾಗುವವನು ಒಂಬತ್ತನೆಯ ಸೀಸನ್ನಿನಲ್ಲಿ ಬಂದ ಮೈಕ್ (ಪಾಲ್ ರಡ್). 2004ರ ಫೆಬ್ರವರಿಯ ಸಂಚಿಕೆಯಲ್ಲಿ ಕಾಫಿ ಅಂಗಡಿಯ ಮುಂದೆ, ಹಿಮ ಬಿದ್ದ ಬೀದಿಯಲ್ಲಿ ಅವರ ಮದುವೆ ನಡೆಯುತ್ತದೆ. ಹೊರಗಿನವರಲ್ಲಿ ಗುಂಪಿನ ಒಳಗೆ ಜಾಗ ಪಡೆದವನು ಇವನೊಬ್ಬನೇ. ಜೂಲಿ, ಎಮಿಲಿ, ರಿಚರ್ಡ್, ಚಾಂಡ್ಲರ್‌ನ ಗೆಳತಿ ಜ್ಯಾನಿಸ್ ಎಲ್ಲರೂ ಬಂದು ಹೋದರು. ಅಂಗಡಿಯ ಕೌಂಟರಿನ ಹಿಂದೆ ನಿಂತು ಹತ್ತು ವರ್ಷ ರೇಚಲ್‌ಳನ್ನು ಮೌನವಾಗಿ ಪ್ರೀತಿಸಿದ ಗುಂಥರ್ (ಜೇಮ್ಸ್ ಮೈಕಲ್ ಟೈಲರ್) ಹೊಸ್ತಿಲಲ್ಲೇ ಉಳಿದ.

ತೆರೆಯ ಹಿಂದೆ

ಮೊದಲ ಸೀಸನ್ನಿನಲ್ಲಿ ನಟರಿಗೆ ಸಿಕ್ಕಿದ್ದು ಸಂಚಿಕೆಗೆ 22,500 ಡಾಲರ್. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಂಬಳವಾಗುವ ಸೂಚನೆ ಕಂಡಾಗ, ಆರೂ ಜನ ಒಟ್ಟಾಗಿ ಮಾತುಕತೆಗೆ ಕೂತರು. ಎಲ್ಲರಿಗೂ ಒಂದೇ ಸಂಬಳ ಎಂಬುದು ಷರತ್ತು. ಈ ಸಲಹೆ ಶ್ವಿಮರ್ ಅವರದು. ಕಥೆಯ ಕೇಂದ್ರದಲ್ಲಿದ್ದ ಅವರಿಗೆ ಒಂಟಿಯಾಗಿ ಚೌಕಾಶಿ ಮಾಡಿದ್ದರೆ ಹೆಚ್ಚು ಸಿಗಬಹುದಿತ್ತು. ಮೂರನೆಯ ಸೀಸನ್ನಿನಲ್ಲಿ ತಲಾ 75,000 ಡಾಲರ್ ಆದದ್ದು ಕೊನೆಯ ಎರಡು ಸೀಸನ್‌ಗಳಲ್ಲಿ ತಲಾ 10 ಲಕ್ಷ ಡಾಲರಿಗೆ ಮುಟ್ಟಿತು. 2021ರ ಮೇ 27ರಂದು ಬಿಡುಗಡೆಯಾದ ಪುನರ್ಮಿಲನ ಕಾರ್ಯಕ್ರಮದಲ್ಲಿ ಆನಿಸ್ಟನ್ ಮತ್ತು ಶ್ವಿಮರ್, ಮೊದಲ ಸೀಸನ್ನಿನಲ್ಲಿ ತಮ್ಮಿಬ್ಬರ ನಡುವೆ ನಿಜಕ್ಕೂ ಆಕರ್ಷಣೆ ಇತ್ತು, ಅದು ಮುಂದುವರಿಯಲಿಲ್ಲ ಎಂದು ಹೇಳಿಕೊಂಡರು. ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್ 28ರಂದು ನಿಧನರಾದಾಗ ಉಳಿದ ಐವರು ಒಂದೇ ಹೇಳಿಕೆಯಲ್ಲಿ ಸಂತಾಪ ಸೂಚಿಸಿದರು.

ಟೀಕೆಗಳು

ಬಹು ಜನಾಂಗಗಳ ನ್ಯೂಯಾರ್ಕ್‌ನಲ್ಲಿ ಆರು ಜನ ಬಿಳಿಯರ ಮುಚ್ಚಿದ ಬಳಗ ಎಂಬುದು ಮುಖ್ಯ ಆಕ್ಷೇಪ. ಬ್ರೂಕ್ಲಿನ್‌ನ ಕಪ್ಪು ಗೆಳೆಯ ಗೆಳತಿಯರ ಗುಂಪಿನ ಕಥೆ ಹೇಳುವ ‘ಲಿವಿಂಗ್ ಸಿಂಗಲ್’ ಫಾಕ್ಸ್ ವಾಹಿನಿಯಲ್ಲಿ 1993ರಲ್ಲೇ ಶುರುವಾಗಿತ್ತು. ಅದಕ್ಕೆ ಇಷ್ಟು ಪ್ರಚಾರ, ಹಣ ಎಂದೂ ದೊರೆಯಲಿಲ್ಲ. ಒಂಬತ್ತನೆಯ ಸೀಸನ್ನಿನಲ್ಲಿ ಐಶಾ ಟೈಲರ್ ಅಭಿನಯಿಸಿದ ಕಪ್ಪು ಹೆಣ್ಣು ಚಾರ್ಲಿಯ ಪಾತ್ರ ಬಂದದ್ದು ತಡವಾಗಿ. ಕಾಫ್‌ಮನ್ ಈ ಕೊರತೆಯನ್ನು ಮುಂದೆ ಒಪ್ಪಿಕೊಂಡು, 2022ರಲ್ಲಿ ತಾವು ಓದಿದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಅಮೆರಿಕನ್ ಅಧ್ಯಯನ ಪೀಠಕ್ಕೆ 40 ಲಕ್ಷ ಡಾಲರ್ ಕೊಟ್ಟರು. ಚಾಂಡ್ಲರ್‌ನ ಲಿಂಗ ಪರಿವರ್ತಿತ ಪೋಷಕರೊಬ್ಬರನ್ನು ನಗೆಗೀಡು ಮಾಡಿದ್ದಕ್ಕೂ ಅವರು ವಿಷಾದಿಸಿದ್ದಾರೆ. ಇದೇ ಧಾರಾವಾಹಿ 1996ರ ಜನವರಿಯಲ್ಲಿ ಕ್ಯಾರಲ್ ಮತ್ತು ಸೂಸನ್‌ರ ಮದುವೆಯನ್ನು ಗೌರವದಿಂದ ತೋರಿಸಿತ್ತು ಎಂಬುದನ್ನೂ ಹೇಳಬೇಕು. ಟೆಕ್ಸಸ್ ಮತ್ತು ಒಹಾಯೋದ ಎರಡು ಸ್ಥಳೀಯ ಕೇಂದ್ರಗಳು ಆ ಸಂಚಿಕೆಯನ್ನು ಪ್ರಸಾರ ಮಾಡಲಿಲ್ಲ. ತಂಗಿಯ ಗೆಳತಿಯನ್ನು ಪಡೆಯಲು ಪರದಾಡುವ ರಾಸ್, ಮಾಜಿ ಹೆಂಡತಿಯನ್ನು ತಾನೇ ಕೈಹಿಡಿದು ಮದುವೆ ಮಂಟಪಕ್ಕೆ ಕರೆದೊಯ್ಯುವ ಆ ಸಂಚಿಕೆಯಲ್ಲಿ ಅವನ ಒಳ್ಳೆಯ ಮುಖ ಕಾಣುತ್ತದೆ.

ಪ್ರಭಾವ

‘ಹೌ ಐ ಮೆಟ್ ಯುವರ್ ಮದರ್’ (2005–2014) ಮತ್ತು ‘ದ ಬಿಗ್ ಬ್ಯಾಂಗ್ ಥಿಯರಿ’ (2007–2019) ಎರಡೂ ಇದೇ ಅಚ್ಚಿನಲ್ಲಿ ಎರಕ ಹೊಯ್ದವು: ಕೂರಲು ಒಂದು ಖಾಯಂ ಜಾಗ, ಸೇರಿ ಬೇರೆಯಾಗುವ ಒಂದು ಜೋಡಿ. ಭಾರತಕ್ಕೆ ‘ಫ್ರೆಂಡ್ಸ್’ ಬಂದದ್ದು ಸ್ಟಾರ್ ವರ್ಲ್ಡ್ ವಾಹಿನಿಯ ಮೂಲಕ. ಬೆಂಗಳೂರಿನಂಥ ನಗರಗಳ ಕಾಲೇಜು ಹುಡುಗ ಹುಡುಗಿಯರು ಇದರ ಇಂಗ್ಲಿಷನ್ನು ಕಿವಿಯಿಂದ ಕಲಿತದ್ದೂ ಉಂಟು. 1999ರಲ್ಲಿ ಜೀ ಟಿ.ವಿ. ‘ಹಲೋ ಫ್ರೆಂಡ್ಸ್’ ಎಂಬ ಹಿಂದಿ ರೂಪ ತಂದಿತು. ಸೈರಸ್ ಬ್ರೋಚಾ, ಸಿಮೋನ್ ಸಿಂಗ್, ಬೆಂಗಳೂರಿನ ನಿಖಿಲ್ ಚಿನಪಾ ಮೊದಲಾದವರು ಅಭಿನಯಿಸಿದ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಸೋಫಾ, ಸನ್ನಿವೇಶ, ನಗೆಮಾತುಗಳನ್ನು ಹಾಗೆಯೇ ಎತ್ತಿ ತಂದರು. ಅಪ್ಪ ಅಮ್ಮ, ಬಂಧು ಬಳಗದ ಒತ್ತಡವಿಲ್ಲದ ಆರು ಜನ ಅವಿವಾಹಿತರು ಇಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ಯೋಚಿಸಲಿಲ್ಲ. ಮೂಲ ಧಾರಾವಾಹಿ ಮಾತ್ರ ಮುಂದೆ ನೆಟ್‌ಫ್ಲಿಕ್ಸ್ ಬಂದ ಮೇಲೆ, ಅದು ಮುಗಿದಾಗ ಹುಟ್ಟಿಯೇ ಇರದಿದ್ದ ತಲೆಮಾರಿಗೂ ತಲುಪಿತು.

ಎನ್‌ಬಿಸಿ 2004ರ ಸೆಪ್ಟೆಂಬರ್‌ನಲ್ಲಿ, ಅದೇ ಗುರುವಾರದ ಅದೇ ಹೊತ್ತಿಗೆ, ಜೋಯಿಯೊಬ್ಬನನ್ನೇ ಲಾಸ್ ಏಂಜಲೀಸ್‌ಗೆ ಕಳುಹಿಸಿ ‘ಜೋಯಿ’ ಎಂಬ ಹೊಸ ಧಾರಾವಾಹಿ ಆರಂಭಿಸಿತು. ನಟ ಅವರೇ, ಪಾತ್ರ ಅದೇ. ಉಳಿದ ಐವರು ಇರಲಿಲ್ಲ. ಅದು ಎರಡೇ ಸೀಸನ್ನಿಗೆ, 2006ರಲ್ಲಿ, ನಿಂತಿತು. ಚಿತ್ರೀಕರಿಸಿದ 46 ಸಂಚಿಕೆಗಳಲ್ಲಿ ಕೊನೆಯ 8 ಅಮೆರಿಕದಲ್ಲಿ ಪ್ರಸಾರವಾಗಲೇ ಇಲ್ಲ.